ರೊಟ್ಟಿ ಹಬ್ಬದ ಓಣಿಯಲ್ಲಿ ರಾಷ್ಟ್ರಸಂಘ

೧

ಈ ಕಥೆಯನ್ನು ಜಿನೀವಾದಿಂದ ಶುರು ಮಾಡಬೇಕೋ ಹಳಿಯಾಳದಿಂದಲೋ ತಿಳಿಯದೆ ಕಾಗದ ಹರಿಯುತ್ತ ಕೂತಿದ್ದೇನೆ. ಜಿನೀವಾದಿಂದ ಶುರು ಮಾಡಿದರೆ ನೀವು ಪರೀಕ್ಷೆಯೆಂದು ಹೆದರಿ ಎದ್ದು ಹೋಗುತ್ತೀರಿ: 'ರಾಷ್ಟ್ರಸಂಘದ ಯಶಸ್ಸು ಮತ್ತು ವೈಫಲ್ಯಗಳನ್ನು ವಿವರಿಸಿ. ಹತ್ತು ಅಂಕ.' ಹಳಿಯಾಳದಿಂದ ಶುರು ಮಾಡಲು ಹೋದರೆ ಗುರುಸಿದ್ದವ್ವ ಅಡ್ಡ ಬರುತ್ತಾಳೆ.

"ಮೊದಲ ನಮ್ಮ ಮನಿಯವ್ರ ಹೆಸರು ಬರೀರಿ."

ಬರೆದೆ. ಅವಳ ಗಂಡ ಕರಿಬಸಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಆಮೇಲೆ ಓಣಿಯ ಜಗಳ ಬಿಡಿಸಲು ಹಿರಿಯರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಮೊದಲ ಮಹಾಯುದ್ಧ ಮುಗಿದಾಗ, ಇನ್ನೊಂದು ಬೇಡಪ್ಪ ಎಂದು ದೇಶಗಳು ಕೂಡಿ ಕಟ್ಟಿಕೊಂಡ ರಾಷ್ಟ್ರಸಂಘದ ಹೆಸರನ್ನೇ ಅದಕ್ಕೂ ಇಟ್ಟರು. (ಇನ್ನೊಂದು ಯುದ್ಧ ಬಂದೇ ಬಂತಲ್ಲ ಎಂದು ಕೇಳಬೇಡಿ. ಮಾಸ್ತರರು ಗೊತ್ತಿದ್ದೇ ಇಟ್ಟದ್ದು.) ಹೋದ ಚಳಿಗಾಲದಲ್ಲಿ ಅವರು ಲಿಂಗೈಕ್ಯರಾದರು. ಅವರ ಕುರ್ಚಿಯಲ್ಲಿ ಈಗ ಗುರುಸಿದ್ದವ್ವ ಕೂರುತ್ತಾಳೆ, ಒಂದು ಬದಿಗೆ ಸರಿದು, ಅರ್ಧ ಜಾಗ ಬಿಟ್ಟು.

"ಅದನ್ನ ಯಾಕ ಬರದ್ರಿ?"

"ತಪ್ಪಾಯಿತು."

"ಇರ್ಲಿ ಬಿಡ್ರಿ. ಮುಂದ ಹೋಗ್ರಿ."

೨

ಮೊದಲು ಯಶಸ್ಸು, ಅಂಕ ಸುಲಭ. ಆಲಂಡ್ ಎಂಬ ದ್ವೀಪಗಳಿಗಾಗಿ ಸ್ವೀಡನ್ನೂ ಫಿನ್ಲೆಂಡೂ ಕಿತ್ತಾಡಿದಾಗ ಸಂಘ ಹೇಳಿತು: ನೆಲ ಫಿನ್ಲೆಂಡಿನದು, ಅಲ್ಲಿನ ಜನ ಸ್ವೀಡಿಷ್ ಮಾತಾಡಿಕೊಂಡು ಹಾಯಾಗಿರಲಿ. ಇಬ್ಬರೂ ಒಪ್ಪಿದರು. ಅದೇ ಸೂತ್ರದಿಂದ ಮಾಸ್ತರರು ಓಣಿಯ ದುಂಡೇಶನ ನುಗ್ಗಿ ಗಿಡದ ವ್ಯಾಜ್ಯ ಬಿಡಿಸಿದರು. ಬುಡ ದುಂಡೇಶನದು, ಗೋಡೆ ದಾಟಿದ ಟೊಂಗೆಯ ಕಾಯಿ ಪಕ್ಕದ ಮನೆಯದು. ಕಂಬಳಿಹುಳ ಯಾರದು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

೨ (ಮತ್ತೆ, ಏಕೆಂದರೆ ವೈಫಲ್ಯಕ್ಕೆ ಹೊಸ ಅಂಕಿ ಕೊಡಲು ಮನಸ್ಸಿಲ್ಲ)

ನಾಗರ ಪಂಚಮಿಯ ಮುಂಚೆ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಪಲ್ಯ, ಚಟ್ನಿ ತಾಟಿಗೆ ಹಾಕಿ ಓಣಿಯ ಮನೆಮನೆಗೂ ಬೀರುತ್ತಾರೆ. ಪಡೆದವರು ಅದೇ ತಾಟಿಗೆ ತಮ್ಮ ರೊಟ್ಟಿ ಹಾಕಿ ಮರಳಿಸಬೇಕು. ಖಾಲಿ ತಾಟು ಕಳಿಸಬಾರದು.

ಹೋದ ವರ್ಷ ಮೋತಿಬಾಯಿಯ ತಾಟು ಖಾಲಿ ಬಂತು. ಮೋತಿಬಾಯಿ ಮುಂಡಗೋಡ ಕಡೆಯ ಲಂಬಾಣಿ ತಾಂಡಾದವಳು, ಈ ಓಣಿಯಲ್ಲಿ ಬಾಡಿಗೆಗೆ ಇರುವವಳು. ಕಳಿಸಿದವಳು ಹಿಟ್ಟಿನ ಗಿರಣಿಯ ರಾಜಶ್ರೀ. ಮಾಸ್ತರರು ಬದುಕಿದ್ದಾಗ ದುಂಡೇಶನನ್ನು ವಿಚಾರಣೆಗೆ ಕಳಿಸಿದ್ದರು. ಅವನು ಎರಡೂ ಮನೆಯಲ್ಲಿ ಚಹಾ ಕುಡಿದು ಬಂದು, "ಎರಡೂ ಕಡೆ ಚಹಾ ಛಲೋ ಇತ್ತ್ರಿ" ಎಂದು ವರದಿ ಕೊಟ್ಟ. (ನಗಬೇಡಿ. ಜಪಾನು ಮಂಚೂರಿಯಾವನ್ನು ನುಂಗಿದಾಗ ರಾಷ್ಟ್ರಸಂಘವೂ ವಿಚಾರಣೆಗೆ ಆಯೋಗ ಕಳಿಸಿತು. ವರದಿ ಬಂತು. ಜಪಾನು ಸಂಘವನ್ನೇ ಬಿಟ್ಟು ಎದ್ದು ಹೋಯಿತು.)

ಇಲ್ಲಿ ಎದ್ದು ಹೊರಟವಳು ಅವಮಾನ ಉಂಡ ಮೋತಿಬಾಯಿಯೇ. ಗಂಡ ಸೋಮಲಪ್ಪ ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ಅಡುಗೆ ಮಾಡುತ್ತಾನೆ. ಇಷ್ಟು ದಿನ ಕರೆದರೂ ಹೋಗದವಳು ಈಗ, "ರೊಟ್ಟಿ ಹಬ್ಬದ ದಿನಾನ ಟೆಂಪೋ ತರ್ರಿ" ಎಂದಳಂತೆ.

ಮಾಸ್ತರರ ಕೊನೆಯ ದಿನಗಳಲ್ಲಿ ಅವರನ್ನು ಎತ್ತಿ ಕೂಡಿಸಿ ನೀರು ಕುಡಿಸಿದವಳು ಮೋತಿಬಾಯಿ. ಅವಳು ಹೋದರೆ ಗುರುಸಿದ್ದವ್ವನಿಗೆ ಆ ದಿನಗಳ ಮಾತಾಡಲು ಓಣಿಯಲ್ಲಿ ಇನ್ಯಾರೂ ಇಲ್ಲ.

೩

ಸಭೆ ಸೇರಿತು. ತಪ್ಪೊಪ್ಪುವವರೆಗೆ ರಾಜಶ್ರೀ ಮನೆಗೆ ಯಾರೂ ರೊಟ್ಟಿ ಬೀರಬಾರದು ಎಂದು ಗುರುಸಿದ್ದವ್ವ ಠರಾವು ಮಂಡಿಸಿದಳು. ಎಲ್ಲರೂ ಕೈ ಎತ್ತಿದರು. ದುಂಡೇಶ ಎತ್ತಿದ ಕೈಯಿಂದಲೇ ತಲೆ ಕೆರೆದುಕೊಂಡ.

"ಖರೆ ಅವ್ವಾರ. ಆದ್ರ ರೊಟ್ಟಿ ಮಾಡಾಕ ಜ್ವಾಳ ಎಲ್ಲಿ ಬೀಸಸೂಣು?"

ಓಣಿಗೆ ಇರುವುದು ಒಂದೇ ಗಿರಣಿ.

ಬೀಸುವ ವ್ಯವಹಾರಕ್ಕೆ ಈ ಠರಾವು ಅನ್ವಯಿಸುವುದಿಲ್ಲ ಎಂದು ತಿದ್ದುಪಡಿಯಾಯಿತು. (ಅಬಿಸೀನಿಯಾದ ಮೇಲೆ ಬಿದ್ದ ಇಟಲಿಗೂ ಸಂಘ ಬಹಿಷ್ಕಾರ ಹಾಕಿತ್ತು. ಎಣ್ಣೆಯೊಂದನ್ನು ಬಿಟ್ಟು. ಯುದ್ಧದ ಲಾರಿ ಓಡುವುದೇ ಎಣ್ಣೆಯಿಂದ.) ಮರುದಿನ ಓಣಿಯವರೆಲ್ಲ ಜೋಳದ ಡಬ್ಬಿ ಹಿಡಿದು ರಾಜಶ್ರೀ ಗಿರಣಿಯ ಮುಂದೆ ಪಾಳಿ ನಿಂತರು, ಅವಳನ್ನು ಬಹಿಷ್ಕರಿಸುವ ರೊಟ್ಟಿಗೆ ಹಿಟ್ಟು ಬೀಸಿಸಲು.

೪

ಹಬ್ಬದ ಬೆಳಿಗ್ಗೆ ಗುರುಸಿದ್ದವ್ವ ಗಿರಣಿಗೆ ಹೋದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಉಳಿದವರು ತಂದುಕೊಟ್ಟದ್ದನ್ನು ಉಣ್ಣಬೇಕು.

"ಮೋತಿ ಹೊಂಟಾಳ ರಾಜಶ್ರೀ. ಒಂದ್ ಮಾತು ಹೇಳಿ ನಿಲ್ಲಸು."

ರಾಜಶ್ರೀ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡಳು. "ನಾ ಖಾಲಿ ತಾಟು ಕಳಿಸಿದೆ. ತಪ್ಪೋ ಒಪ್ಪೋ, ಮಾರಿ ಮ್ಯಾಲೆ ಮಾಡಿದೆ. ನೀವೆಲ್ಲಾ ತುಂಬಿ ಕಳಿಸಿದ್ರಿ. ಆದ್ರ ಅಕಿ ರೊಟ್ಟಿ ತಿಂದವ್ರು ಯಾರ್ರಿ? ದುಂಡೇಶಣ್ಣನ ಮನ್ಯಾಗ ಎಮ್ಮಿ ತಿಂತು. ನಿಮ್ಮಲ್ಲಿ?"

"ನಮ್ಮ ಮನಿಯವ್ರು ತಿಂತಿದ್ರು."

"ನೀವು?"

ಇಲ್ಲಿ ನಾನು ಗುರುಸಿದ್ದವ್ವನ ಮಾನ ಉಳಿಸಲು, "ನಾನೂ ತಿಂದೇನಿ" ಎಂದು ಬರೆದೆ.

"ಹೊಡದ್ ಹಾಕ್ರಿ," ಎಂದಳು. "ಲಿಂಗ ಕಟ್ಟಿದ ಎದಿ ಇದು. ಸುಳ್ಳ ಹೇಳಸಬ್ಯಾಡ್ರಿ."

ಹೊಡೆದು ಹಾಕಿದೆ.

(ಪಠ್ಯದಲ್ಲಿ ಇಲ್ಲದ ಅಂಶ: ಬೇರೆಯವರ ನೆಲವನ್ನು ಆಳುತ್ತಿದ್ದವರೇ ಜಿನೀವಾದಲ್ಲಿ ನ್ಯಾಯ ಹೇಳಲು ಕೂತಿದ್ದರು. ನಮ್ಮ ದೇಶಕ್ಕೂ ಅಲ್ಲೊಂದು ಕುರ್ಚಿ ಇತ್ತು. ದೇಶ ಮಾತ್ರ ನಮ್ಮ ಕೈಯಲ್ಲಿ ಇರಲಿಲ್ಲ.)

ಮುಕ್ತಾಯ, ಒಂದನೆಯ ಕರಡು

ರಾಜಶ್ರೀ ತುಂಬಿದ ತಾಟು ಹಿಡಿದು ಮೋತಿಬಾಯಿಯ ಬಾಗಿಲಿಗೆ ಬಂದು ಕಣ್ಣೀರಿಟ್ಟಳು. ("ನಾ?" ಎಂದಳು ರಾಜಶ್ರೀ. "ಮೊದ್ಲ ಗಿರಣಿ ಪಟ್ಟಾ ಹರದೈತಿ. ಅದನ್ನ ಹಾಕಿಸಿಕೊಡ್ರಿ, ಆಮ್ಯಾಲೆ ಅಳ್ತೇನಿ.")

ಮುಕ್ತಾಯ, ಇನ್ನೊಂದು

ಟೆಂಪೋ ದಾಂಡೇಲಿ ರಸ್ತೆ ಹಿಡಿಯಿತು. ಸಂಘ ವಿಸರ್ಜನೆಯಾಯಿತು. (ಇತಿಹಾಸಕ್ಕೆ ಹತ್ತಿರವಾದದ್ದು. ಆದರೆ ಗುರುಸಿದ್ದವ್ವ ಕಾಗದ ಕಸಿದುಕೊಂಡಳು.)

ಅಂಕಿ ಇಲ್ಲದ್ದು

ಗುರುಸಿದ್ದವ್ವ ಮೋತಿಬಾಯಿಯ ಮನೆಯೊಳಗೆ ಹೋದಳು. ಇಷ್ಟು ವರ್ಷ ಅವಳು ಆ ಹೊಸ್ತಿಲ ಈಚೆಯೇ ನಿಂತು ಮಾತಾಡಿದವಳು. ಒಳಗೆ ಪಾತ್ರೆಯ ಗಂಟು. ಹೊರಗೆ ಸೋಮಲಪ್ಪ ಟೆಂಪೋಕ್ಕೆ ಹಗ್ಗ ಬಿಗಿಯುತ್ತಿದ್ದ. ಗುರುಸಿದ್ದವ್ವ ನೆಲಕ್ಕೆ ಕೈಯೂರಿ ಮೆಲ್ಲಗೆ ಕೂತಳು. ಈ ಸಲ ಬದಿಗೆ ಜಾಗ ಬಿಡಲಿಲ್ಲ.

"ಮೋತಿ, ಹಸಿವಾಗೈತಿ."

"ಒಲಿ ಆರಿಸೇನ್ರಿ ಅಕ್ಕಾರ."

"ಮತ್ತ ಹಚ್ಚು."

"ಹೋಗೂ ದಿನಾ ಬಂದ್ರಿ? ದಿನಾ ಹಚ್ಚತಿದ್ನಲ್ಲಾ, ಆವಾಗ ನಿಮಗ ಹಸಿವಿರಲಿಲ್ಲೇನು?"

"ಇತ್ತು. ಬರಲಿಲ್ಲ."

ಟೆಂಪೋದವನು ಹಾರ್ನ್ ಹೊಡೆದ. ಸೋಮಲಪ್ಪ ಹಗ್ಗದ ತುದಿ ಹಿಡಿದು, ಬಿಗಿಯಬೇಕೋ ಬಿಚ್ಚಬೇಕೋ ಎಂದು ಹೆಂಡತಿಯ ಮುಖ ನೋಡಿದ. ಮೋತಿಬಾಯಿ ಗಂಟಿನೊಳಗೆ ಕೈ ಹಾಕಿ ಏನನ್ನೋ ಹುಡುಕತೊಡಗಿದಳು.

ಹೊಸ್ತಿಲಲ್ಲಿ ನಿಂತು ನಾನು ಬಗ್ಗಿದೆ. ರೊಟ್ಟಿ ಸುಡುವ ಹಂಚು ತೆಗೆಯುತ್ತಾಳೋ, ಗಂಟು ಇನ್ನೂ ಬಿಗಿಯುತ್ತಾಳೋ? ನಿಮಗೆ ಹೇಳಬೇಕಲ್ಲ.

ಅವಳು ತಲೆ ಎತ್ತದೆಯೇ ಕೇಳಿದಳು: "ಬಾಗಲದಾಗ ನಿಂತಾಂವ ಯಾವಾಂವ?"

"ಕತಿ ಬರಿಯೋರು," ಎಂದಳು ಗುರುಸಿದ್ದವ್ವ.

"ಉಣ್ಣಾಂವ ಇದ್ರ ಒಳಗ ಬಂದು ಕೂಡ್ರು ಅನ್ರಿ. ಬರಿಯಾಂವ ಇದ್ರ ಹೊರಗ ಹೋಗಲಿ."

ನನ್ನ ಬಲಗೈಯಲ್ಲಿ ಪೆನ್ನಿದೆ, ಓದುಗರೇ. ಉಣ್ಣಬೇಕಾದದ್ದೂ ಅದೇ ಕೈಯಲ್ಲಿ.