ನನ್ನ ಹೆಸರಿನ ಕಾರು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಕಾರು ಕಂಪನಿಯವರದೂ ಒಂದು ಪಾಲು ಇರಬಹುದು. ಆದರೆ ಅವರು ಕಾಗದ ಬರೆದಾದರೂ ತಿಳಿಸಿದರು. ನಾನು ಅಷ್ಟನ್ನೂ ಮಾಡಲಿಲ್ಲ.

ಎಪ್ಪತ್ತಾರನೇ ಇಸವಿಯ ಮಾತು. ಆಗ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಮನೆ ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ. ಕರಿಬಸಪ್ಪನವರು ಎಂದು ನನ್ನ ಹೆಸರೆತ್ತಿದರೆ ಬೀದಿಯಲ್ಲಿ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಆ ಕಾಲದಲ್ಲಿ ಕೈಯಲ್ಲಿ ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲ, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರಿ ನೌಕರರಿಗೆ ಬೇರೆ ಕೋಟಾ ಇದ್ದುದರಿಂದ ನಮಗೆ ಬೇಗ ಸಿಗುತ್ತಿತ್ತು. ಹಾಗೆ ಸಿಕ್ಕ ಕಾರನ್ನು ಎರಡು ವರ್ಷ ಯಾರಿಗೂ ಮಾರಕೂಡದು ಎಂದು ಕಾನೂನು. ನಮ್ಮವರು ಅದಕ್ಕೊಂದು ದಾರಿ ಹುಡುಕಿದ್ದರು. ಕಾಗದಪತ್ರವೆಲ್ಲ ನಮ್ಮ ಹೆಸರಿನಲ್ಲೇ ಇರುವುದು, ಕಾರು ಮಾತ್ರ ಕೊಂಡವರ ಮನೆ ಮುಂದೆ ನಿಲ್ಲುವುದು. ಯಾರಾದರೂ ಕೇಳಿದರೆ, 'ಸ್ನೇಹಿತರ ಕಾರು, ಎರವಲು ತಂದಿದೀನಿ' ಎನ್ನುವುದು. ನಮ್ಮ ಕಚೇರಿಯಲ್ಲೇ ನಾಲ್ವರು ಹಾಗೆ ಮಾಡಿದ್ದರು. ಐದನೆಯವನು ನಾನು.

ಕೊಂಡವರು ವಿಜಯನಗರದ ಏಕಾಂತಯ್ಯ, ಬೆಲ್ಲದ ಮಂಡಿಯವರು. ಭಾನುವಾರ ನಮ್ಮ ಸಮಾಜದ ಹಾಲ್‌ನಲ್ಲಿ ನಾನು ಕಾಯಕದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಬೆವರು ಸುರಿಸದೆ ಬಂದದ್ದನ್ನು ಉಣ್ಣಬಾರದು ಎಂದು ಮೈಕಿನ ಮುಂದೆ ಹೇಳಿ, ಅದೇ ಹಾಲ್‌ನ ಹಿಂದೆ ನಿಂತು ಅವರ ಜೊತೆ ಕಾರಿನ ವ್ಯಾಪಾರ ಕುದುರಿಸಿದೆ. ಥೂ ನನ್ನ! ಬಂದ ಲಾಭದಲ್ಲಿ ನಮ್ಮ ಮನೆಗೊಂದು ಮಹಡಿ ಎದ್ದಿತು.

ಆರು ತಿಂಗಳಾದ ಮೇಲೆ, ಒಂದು ಶನಿವಾರ, ಪೋಸ್ಟ್‌ಮನ್ ಮುನಿರಾಮಯ್ಯ ರಿಜಿಸ್ಟರ್ಡ್ ಲಕೋಟೆ ತಂದ. ಸಹಿ ಹಾಕಿ ಈಸಿಕೊಂಡೆ. ಕಾರು ಕಂಪನಿಯ ಇಂಗ್ಲಿಷ್ ಕಾಗದ. ಆ ವರ್ಷ ತಯಾರಾದ ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳ ಕಂತೆ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಸವೆಯುತ್ತದಂತೆ, ಬೆಂಕಿ ಹತ್ತುವ ಸಂಭವವಿದೆಯಂತೆ. ಕೂಡಲೇ ಕಾರನ್ನು ಯಶವಂತಪುರದ ವರ್ಕ್‌ಶಾಪಿಗೆ ತನ್ನಿ, ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇವೆ, ಮಾಲೀಕರೇ ಬಂದು ಸಹಿ ಮಾಡಬೇಕು, ಅಲ್ಲಿಯವರೆಗೆ ದೀಪ ಹಾಕಿ ಓಡಿಸಬೇಡಿ ಎಂದು ಬರೆದಿತ್ತು.

ನನಗೆ ಹೆದರಿಕೆಯಾಯಿತು. ಕಾರಿಗೆ ಬೆಂಕಿ ಬೀಳಬಹುದು ಎಂದಲ್ಲ, ಮಾಲೀಕರೇ ಬರಬೇಕು ಎಂಬುದಕ್ಕೆ. ಎಮರ್ಜೆನ್ಸಿಯ ಕಾಲ. ಸಣ್ಣಪುಟ್ಟ ದೂರಿಗೂ ನೌಕರರನ್ನು ಮನೆಗೆ ಕಳಿಸುತ್ತಿದ್ದರು. ಆ ವರ್ಕ್‌ಶಾಪಿನ ಮ್ಯಾನೇಜರು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಸೇತುರಾಮನ ಭಾವ. ಏಕಾಂತಯ್ಯನವರ ಡ್ರೈವರು ಓಡಿಸಿಕೊಂಡು ಬಂದ ಕಾರಿಗೆ ನಾನು ಸಹಿ ಹಾಕಿದರೆ, ಸಂಜೆಯೊಳಗೆ ಕಚೇರಿಗೆಲ್ಲ ಸುದ್ದಿ.

ಹೆಂಡತಿ ಕಮಲಾಕ್ಷಮ್ಮ ಕಾಗದದ ವಿಷಯ ಕೇಳಿ ಅಂದಳು, "ಈಗ್ಲೇ ಹೋಗಿ ಹೇಳ್ಬನ್ನಿ. ಮಕ್ಳು ಮರಿ ಓಡಾಡೋ ಗಾಡಿ ಕಣ್ರೀ ಅದು."

"ಹೇಳ್ತೀನಿ ತಡಿಯೇ. ಕಂಪನಿಯೋರು ಹೆದರಿಸೋಕೆ ಹಾಗೆಲ್ಲ ಬರೀತಾರೆ."

"ಹೆದರಿಸಿ ಅವ್ರಿಗೇನು ಬರುತ್ತೆ?"

"ನಿಂಗೇನೇ ಗೊತ್ತು ಕಾರಿನ ವಿಷ್ಯ!" ಎಂದು ಗದರಿದೆ. ಉತ್ತರ ಇಲ್ಲದಾಗ ಗದರುವುದು ನನ್ನ ಅಭ್ಯಾಸ.

ಸುಮ್ಮನೆ ಕೂತೆ ಎಂದೇನಿಲ್ಲ. 'ತಮ್ಮ ಕಾರಿನ ವೈರಿಂಗ್ ತೋರಿಸಿಕೊಳ್ಳಿ, ಇಂತಿ ಹಿತೈಷಿ' ಎಂದು ಒಂದು ಕಾರ್ಡು ಬರೆದೆ. ನನ್ನ ಅಕ್ಷರ ಅವರಿಗೆ ಗೊತ್ತು ಎಂದು ಹರಿದು ಹಾಕಿದೆ. ಎರಡು ಭಾನುವಾರ ಏಕಾಂತಯ್ಯ ಎದುರಿಗೇ ಸಿಕ್ಕಿದರು. "ಗಾಡಿ ಹೇಗಿದೆ?" ಅಂದೆ. "ಬಂಗಾರದಂಥ ಗಾಡಿ ಸ್ವಾಮಿ, ನಿಮ್ ಕೈಗುಣ" ಅಂದರು. ನಾನು ಮೈಕಿನ ಕಡೆ ನಡೆದೆ. ದಿನಾ ರಾತ್ರಿ ಕಮಲಾಕ್ಷಮ್ಮ "ಹೇಳಿದ್ರಾ?" ಎನ್ನುತ್ತಿದ್ದಳು. ನಾನು "ನಾಳೆ" ಎನ್ನುತ್ತಿದ್ದೆ. ಆಮೇಲಾಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಹದಿನೆಂಟನೇ ದಿನ ಕಚೇರಿಗೆ ಫೋನ್ ಬಂತು. ಏಕಾಂತಯ್ಯನವರೇ ಮಾತಾಡಿದರು. ಹಿಂದಿನ ಸಂಜೆ ಮನೆಯವರೆಲ್ಲ ಕೆಂಗೇರಿಯಿಂದ ವಾಪಸ್ ಬರುವಾಗ ಮಬ್ಬಾಯಿತೆಂದು ದೀಪ ಹಾಕಿದರಂತೆ. ಸ್ಟೇರಿಂಗಿನ ಕೆಳಗಿನಿಂದ ಹೊಗೆ, ಹಿಂದೆಯೇ ಬೆಂಕಿ. ಎಲ್ಲರೂ ಇಳಿದರಂತೆ, ಆದರೆ ಹಿಂದಿನ ಸೀಟಿನಲ್ಲಿದ್ದ ಅತ್ತೆಯನ್ನು ಎಳೆದುಕೊಳ್ಳುವಾಗ ಅವರ ಹೆಂಡತಿ ಜಯದೇವಿಯ ಎರಡು ಕೈಯೂ ಸುಟ್ಟಿತಂತೆ. ಕಾರಿನಲ್ಲಿ ಉಳಿದದ್ದು ಬರೀ ತಗಡು.

"ನೀವೇನೂ ಯೋಚ್ನೆ ಮಾಡ್ಬೇಡಿ ಸ್ವಾಮಿ," ಅಂದರು ಅವರು. "ಪೊಲೀಸ್ನೋರಿಗೆ, ಸ್ನೇಹಿತರ ಕಾರು, ಎರವಲು ತಂದಿದ್ದೆ ಅಂತಾನೇ ಹೇಳಿದೀನಿ. ನಿಮಗೆ ತೊಂದ್ರೆ ಬರಲ್ಲ."

ಅವರ ಹೆಂಡತಿಯ ಕೈ ಸುಟ್ಟಿದೆ, ಅವರು ಕಾಯುತ್ತಿರುವುದು ನನ್ನ ಮಾನವನ್ನು! ಅರ್ಧ ದಿನ ರಜಾ ಬರೆದುಕೊಟ್ಟು ಮನೆಗೆ ಬಂದೆ. ಕಮಲಾಕ್ಷಮ್ಮ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೀರುವಿನಿಂದ ಆ ಕಾಗದ ತಂದು ನನ್ನ ಕೈಗಿಟ್ಟಳು. "ಇವತ್ತಾದ್ರೂ ಕೊಟ್ಬನ್ನಿ," ಅಂದಳು. ಜುಬ್ಬದ ಜೇಬಿಗೆ ಹಾಕಿಕೊಂಡು ಹೊರಟೆ. ಕೊಟ್ಟೇ ಬರಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ, ಅದು ಸತ್ಯ.

ಏಕಾಂತಯ್ಯನವರ ಹಜಾರದಲ್ಲಿ ಜಯದೇವಿ ಎರಡು ಕೈಗೂ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಬೇಡಮ್ಮಾ, ಬೇಡ ಎಂದೆ. ಮೂಲೆಯಲ್ಲಿ ಗೋಡೆಗೆ ಒರಗಿ ನಲವತ್ತರ ಆಸುಪಾಸಿನ ಒಬ್ಬ ಆಳು ಕುಕ್ಕರಗಾಲಿನಲ್ಲಿ ಕೂತಿದ್ದ. ಮುಂದೆ ಒಂದು ಕ್ಯಾನ್ವಾಸ್ ಚೀಲ.

"ಇವ್ನು ಬೈರಯ್ಯ, ಲಗ್ಗೆರೆಯೋನು," ಎಂದರು ಏಕಾಂತಯ್ಯ. "ಗಾಡಿಗಳ ವೈರಿಂಗ್ ಮಾಡ್ತಾನೆ. ಹೋದ ವಾರ ಇವನ ಕೈಲಿ ಇನ್ನೊಂದು ಹಾರ್ನ್ ಹಾಕಿಸಿದ್ದೆ. ಅಲ್ಲೇ ಏನೋ ಎಡವಟ್ಟು ಮಾಡಿದಾನೆ. ಬೆಳಗಿನಿಂದ ಇಲ್ಲೇ ಕೂತಿದಾನೆ, ಊಟಾನೂ ಮಾಡಿಲ್ಲ. ಎದ್ದು ಹೋಗೋ ಅಂದ್ರೆ ಹೋಗಲ್ಲ."

ಬೈರಯ್ಯ ನನ್ನ ಕಡೆ ನೋಡಿದ. "ಗಾಡಿ ಇವ್ರುದಾ ಸಾರ್?"

"ಹೂಂ ಕಣಪ್ಪ, ಕಾಗದದಲ್ಲಿ ಇವರ್ದೇ ಹೆಸ್ರು."

ಅವನು ಎದ್ದು ಬಂದು ನನ್ನ ಕಾಲು ಹಿಡಿದ. ನಾನು ಹಿಂದೆ ಸರಿದರೂ ಬಿಡಲಿಲ್ಲ. "ಇಪ್ಪತ್ತು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ ಸಾರ್. ಒಂದು ಟೇಪು ಸಡ್ಲ ಸುತ್ತಿಲ್ಲ. ಅದೆಂಗೆ ಆಯ್ತೋ ಗೊತ್ತಿಲ್ಲ. ಅಮ್ಮಾರ ಕೈ ನೋಡಿದ್ರೆ ನನ್ ಕೈ ಕಡ್ಕೊಂಬುಡಣ ಅನ್ಸುತ್ತೆ. ಇನ್ಮೇಲೆ ವೈರು ಮುಟ್ಟಲ್ಲ ಸಾರ್, ಸಾಮಾನೆಲ್ಲ ಇಲ್ಲೇ ಬಿಟ್ಟೋಗ್ತೀನಿ. ಹೊಟ್ಟೆಗೆ ಹಾಕ್ಕೊಳಿ ಸಾರ್."

ಕಾಗದ ನನ್ನ ಜೇಬಿನಲ್ಲಿತ್ತು. ತೆಗೆದು ಕೊಟ್ಟಿದ್ದರೆ ಸಾಕಿತ್ತು, ಬಾಯಿ ಬಿಡುವುದೂ ಬೇಕಿರಲಿಲ್ಲ. ಆದರೆ ಅದರ ಮೇಲೆ ತಾರೀಖಿತ್ತು. ಏಕಾಂತಯ್ಯ ನನ್ನನ್ನೇ ನೋಡುತ್ತಿದ್ದರು, ಭಾನುವಾರ ನೋಡುವ ಹಾಗೆಯೇ. ಜಯದೇವಿಯೂ ನೋಡುತ್ತಿದ್ದರು.

ನಾನು ಬಗ್ಗಿ ಬೈರಯ್ಯನ ಭುಜ ಮುಟ್ಟಿದೆ. "ಏಳಪ್ಪಾ. ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ. ಹೋಗ್ಲಿ ಬಿಡು, ನಾನು ಕ್ಷಮಿಸಿದೀನಿ," ಅಂದೆ.

ಅವನು ಗೊಳೋ ಎಂದು ಅತ್ತ. ಏಕಾಂತಯ್ಯ ಕಣ್ಣೊರೆಸಿಕೊಂಡು, "ದೊಡ್ಡೋರು ಅಂದ್ರೆ ನೀವು ಸ್ವಾಮಿ," ಅಂದರು. ಮಗಳಿಂದ ಕಾಫಿ ತರಿಸಿದರು. ಕುಡಿದೆ. ಹೌದು, ಕೂತು ಪೂರ್ತಿ ಕುಡಿದೆ. ನಾನು ಹೊರಟಾಗ ಬೈರಯ್ಯ ಚೀಲವನ್ನು ಗೋಡೆಯ ಪಕ್ಕ ಬಿಟ್ಟು, ಬರಿಗೈಯಲ್ಲಿ ಲಗ್ಗೆರೆಯ ಕಡೆ ನಡೆದು ಹೋಗುತ್ತಿದ್ದ.

ಮನೆಯಲ್ಲಿ ಕಮಲಾಕ್ಷಮ್ಮ ಬಾಗಿಲಲ್ಲೇ ಕೇಳಿದಳು, "ಕೊಟ್ರಾ?"

"ಇಲ್ಲ."

"ಮತ್ತೆ ಇಷ್ಟು ಹೊತ್ತು ಏನ್ ಮಾಡಿದ್ರಿ ಅಲ್ಲಿ?"

ಅವಳ ಮುಂದೆ ಸುಳ್ಳು ಹೇಳುವ ತ್ರಾಣವೂ ಇರಲಿಲ್ಲ. ಎಲ್ಲ ಹೇಳಿದೆ. ಹಾರ್ನಿನದು, ಬೈರಯ್ಯ ಕಾಲು ಹಿಡಿದದ್ದು, ನಾನು ಅವನನ್ನು ಕ್ಷಮಿಸಿದ್ದು. ಕ್ಷಮಿಸಿದ್ದು ಎಂದಾಗ ಅವಳು ಮುಖ ತಿರುಗಿಸಿದಳು, ಕೊಳಕು ತುಳಿದವರು ತಿರುಗಿಸಿಕೊಳ್ಳುವ ಹಾಗೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನೆದುರು ಹಾಗೆ ಮಾಡಿರಲಿಲ್ಲ.

ಆಮೇಲೆ ನನ್ನ ಜೇಬಿಗೆ ತಾನೇ ಕೈಹಾಕಿ ಕಾಗದ ತೆಗೆದುಕೊಂಡಳು. ಸೆರಗು ಹೊದ್ದು ಚಪ್ಪಲಿ ಮೆಟ್ಟಿದಳು.

"ಅವ್ರ ಮನೆ ಯಾವ ಕ್ರಾಸು?" ಎಂದಳು.

ಕ್ರಾಸಿನ ನಂಬರು ಹೇಳಿದೆ. ಜೊತೆಗೆ ಹೋಗಲಿಲ್ಲ.