ಬೇಲಿ ಕಂಬ ಮತ್ತು ಬಹುವಚನ

ಅಂಚೆಯಣ್ಣ ತನ್ನ ನೌಕರಿಯುದ್ದಕ್ಕೂ ಒಬ್ಬರ ಕಾಗದವನ್ನೂ ಒಡೆದು ಓದಿದವನಲ್ಲ. ಅವನನ್ನು ಕಂಡರಾಗದವರೂ ಈ ಮಾತನ್ನು ಒಪ್ಪುತ್ತಿದ್ದರು. ಆದರೆ ನಿವೃತ್ತಿಗೆ ಮುಂಚೆಯೇ ಮನೆಯಲ್ಲೊಂದು ಅಂಚೆ ಕೆಲಸ ಅವನಿಗೆ ಗಂಟುಬಿದ್ದಿತ್ತು. ಅಲ್ಲಿ ಮಾತ್ರ ಅವನು ಕೈಗೆ ಬಂದ ಪ್ರತಿಯೊಂದು ಮಾತನ್ನೂ ಒಡೆದ, ತಿದ್ದಿದ, ಸಕ್ಕರೆ ಸವರಿ ಮುಟ್ಟಿಸಿದ. ಸಂಬಳವಿಲ್ಲ, ರಜೆಯಿಲ್ಲ. ಕಳಿಸುವವಳು ಹೆಂಡತಿ, ಪಡೆಯುವವಳು ನಾದಿನಿ; ಇಲ್ಲವೇ ಅದರ ತಿರುವುಮುರುವು. ನಡುವಿನ ದೂರ ಒಂದು ಬೇಲಿಯಷ್ಟು.

ಅಕ್ಕತಂಗಿಯರ ಮನೆ ಅಕ್ಕಪಕ್ಕ. ಹಿಂದಿನ ಹಿತ್ತಲು ಇಬ್ಬರಿಗೂ ಸೇರಿದ್ದು. ಯಾರದ್ದು ಎಲ್ಲಿಯವರೆಗೆ ಎಂದು ಯಾರೂ ಕೇಳಿರಲಿಲ್ಲ. ಅಕ್ಕ, ಅಂದರೆ ಅಂಚೆಯಣ್ಣನ ಹೆಂಡತಿ, ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಹಿತ್ತಲಲ್ಲಿ ಕೋಳಿ. ತಂಗಿ ಸಸಿ ಬೆಳೆಸಿ ಮಾರುವವಳು, ಒಂಟಿ ಹೆಂಗಸು, ಯಾರ ಹಂಗೂ ಇಲ್ಲದವಳು. ಒಂದು ಬೆಳಿಗ್ಗೆ ಅಕ್ಕನ ಕೋಳಿಗಳು ತಂಗಿಯ ಟೊಮೇಟೊ ಸಸಿಗಳನ್ನೆಲ್ಲ ಕೆದಕಿ ಗುಡಿಸಿ ಹಾಕಿದವು. ತಂಗಿ ಬಾಯಿಗೆ ಬಂದದ್ದು ಅಂದಳು. ಮರದ ಕಂಬ ತರಿಸಿದಳು, ನೆಡಿಸಿದಳು, ತಂತಿ ಎಳೆಸಿದಳು.

"ಕೋಳಿಗೆ ಬೇಲಿ ಹಾಕ್ದೆ," ಅಂದಳು ತಂಗಿ.

"ಕೋಳಿ ಸಾಕಿದ್ದು ಯಾರು? ನಾನು. ಅಂದ್ಮೇಲೆ ಬೇಲಿ ಯಾರಿಗೆ? ನನಗೇ," ಅಂದಳು ಅಕ್ಕ.

ಅವತ್ತು ಮಾತು ಬಿಟ್ಟವರು ಬಿಟ್ಟೇಬಿಟ್ಟರು. ಆಮೇಲೆ ಕೋಳಿಗಳು ಒಂದೊಂದಾಗಿ ಸತ್ತುಹೋದವು, ತಂತಿ ತುಕ್ಕು ಹಿಡಿದು ಉದುರಿತು, ಕಂಬಗಳಿಗೆ ಗೆದ್ದಲು ಹತ್ತಿತು. ಈ ಇಬ್ಬರ ಹಟಕ್ಕೆ ಮಾತ್ರ ಯಾವ ಹುಳವೂ ಹತ್ತಲಿಲ್ಲ.

ಹೆಂಡತಿ ಮಿಷನ್ ತುಳಿಯುತ್ತಲೇ ಹೇಳುವಳು: "ರೀ, ಆ ಕತ್ತೆಗೆ ಹೇಳಿ, ನಲ್ಲಿ ತಿರುಗಿಸಿಟ್ಟು ನಿದ್ದೆ ಹೊಡೀತಿದ್ದಾಳೆ. ನಮ್ಮ ಹಿತ್ತಲು ಕೆರೆ ಆಗಿದೆ."

ಅಂಚೆಯಣ್ಣ ಚಪ್ಪಲಿ ಮೆಟ್ಟಿ ಆ ಕಡೆ ಹೋಗುವನು. "ತಂಗಿಯವರಿಗೆ ಪುರುಸೊತ್ತಾದಾಗ ನಲ್ಲಿ ಕಡೆ ಸ್ವಲ್ಪ ನೋಡ್ತಾರಾ ಅಂತ ಕೇಳಿದ್ಲಮ್ಮ ನಿಮ್ಮಕ್ಕ."

"ಅವಳ ಕಣ್ಣಿಗೆ ನನ್ನ ನೀರೊಂದೇ ಕಾಣೋದಾ? ದಿನಾ ಸೂಜಿ ಹಿಡಿಯೋಳಲ್ವಾ, ಚುಚ್ಚೋದೇ ಅಭ್ಯಾಸ!"

ಅಂಚೆಯಣ್ಣ ಈ ಕಡೆ ಬರುವನು. "ಅಕ್ಕನವರು ದಯವಿಟ್ಟು ಬೇಜಾರು ಮಾಡ್ಕೋಬಾರ್ದು ಅಂದ್ಲು ಕಣೇ."

ತಂಗಿಯವರು, ಅಕ್ಕನವರು! ಈ ಬಹುವಚನ ಅವನದೇ ಸ್ವಂತ ತಯಾರಿಕೆ, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಅದನ್ನು ಕೇಳಿದಾಗಲೆಲ್ಲ ಇಬ್ಬರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಸಿಟ್ಟು ಇಳಿಯಿತು ಎಂದು ಅಂಚೆಯಣ್ಣ ಲೆಕ್ಕ ಹಾಕುತ್ತಿದ್ದ. ಸುಮ್ಮನಾಗುವುದಕ್ಕೆ ಲೋಕದಲ್ಲಿ ಬೇರೆ ಕಾರಣಗಳೂ ಇರುತ್ತವೆ ಎಂದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ.

ಬರಬರುತ್ತಾ ಅವನಿಗೆ ಸಾಕಾಗಿಹೋಯಿತು. ಮಂಡಿ ನೋವು ಒಂದು ಕಡೆಗಿರಲಿ. ಹೆಂಡತಿ ಬಟ್ಟೆ ಕತ್ತರಿಸುವಾಗ, ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾವ ಗಿರಾಕಿ ಸೊಂಟದ ಅಳತೆಯನ್ನು ಸುಳ್ಳು ಹೇಳಿದಳು ಎಂದು ತಂಗಿಗೆ ಹೇಳಬೇಕಾದ ಸುದ್ದಿಯನ್ನೆಲ್ಲ ಕತ್ತರಿಗೆ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅವನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಇವರಿಬ್ಬರೂ ಮತ್ತೆ ಮಾತಾಡುವುದನ್ನು ನೋಡದೆ ಸಾಯಬಾರದು ಎಂದು ಅವನು ತೀರ್ಮಾನಿಸಿದ.

ಅಷ್ಟರಲ್ಲಿ ತಂಗಿ ಒಂದು ಮಿನಿ ಟ್ರ್ಯಾಕ್ಟರ್ ಕೊಂಡಳು. ಆಳೆತ್ತರವೂ ಇಲ್ಲ, ಆದರೆ ಗುಟುರು ಹಾಕಿದರೆ ಬೀದಿಯ ತುದಿಗೆ ಕೇಳಬೇಕು. ಅದನ್ನು ಕಂಡ ಕೂಡಲೇ ಅಂಚೆಯಣ್ಣನ ತಲೆ ಓಡಿತು. ಈ ಕಡೆ ಬಂದು, "ನಿನ್ನ ತಂಗಿ ಕೇಳಿದ್ಲು, ಅಕ್ಕನವರು ಒಪ್ಪಿದ್ರೆ ಕಂಬ ಕಿತ್ತುಬಿಡ್ಲಾ ಅಂತ," ಅಂದ. ಆ ಕಡೆ ಹೋಗಿ, "ನಿನ್ನ ಅಕ್ಕ ಹೇಳಿ ಕಳ್ಸಿದ್ಲು, ತಂಗಿಯವರಿಗೆ ತೊಂದ್ರೆ ಇಲ್ದಿದ್ರೆ ಕಂಬ ತೆಗೆಸ್ಬಹುದಾ ಅಂತ," ಅಂದ. ಇಬ್ಬರೂ ಕೇಳಿರಲಿಲ್ಲ. ತಾನಾಗಿ ಬಗ್ಗಿದವಳು ಆ ಕಡೆಯವಳು ಎಂಬ ಸಮಾಧಾನದಲ್ಲಿ ಇಬ್ಬರೂ ಒಪ್ಪಿದರು.

ಅವನ ಹಂಚಿಕೆ ಸರಳವಾಗಿತ್ತು. ಕಂಬವೆಲ್ಲ ಬುಡಸಮೇತ ಮೇಲೆ ಬಂದಮೇಲೆ ಸುಳ್ಳು ಬಯಲಾದರೂ ಚಿಂತೆಯಿಲ್ಲ, ಮತ್ತೆ ಗುಂಡಿ ತೋಡಿ ನೆಡಲು ಯಾರಿಗೆ ಸೊಂಟವಿದೆ? ಅಲ್ಲಿಯವರೆಗೆ ಮಾತ್ರ ಇವರಿಬ್ಬರ ನಡುವೆ ಒಂದು ನೇರ ಮಾತೂ ಆಗಕೂಡದು. ಆಯಿತೋ, "ನೀನೇ ತಾನೇ ಕೇಳಿದ್ದು" ಎಂಬಲ್ಲಿಂದ ಶುರುವಾಗುತ್ತದೆ, ಬೇಲಿ ಇದ್ದಲ್ಲೇ ಉಳಿಯುತ್ತದೆ. ಅಕ್ಕತಂಗಿಯರು ಮಾತಾಡಲಿ ಎಂದು ಹೊರಟವನು ಅವರು ಮಾತಾಡದಂತೆ ಕಾವಲು ನಿಂತ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಅವನಿಗೆ ಅನಿಸಲೇ ಇಲ್ಲ ನೋಡಿ.

ಕಂಬ ಕೀಳುವ ದಿನ ತಂಗಿ ಟ್ರ್ಯಾಕ್ಟರ್ ಏರಿದಳು. ಸರಪಳಿ ಕಟ್ಟುವ ಕೆಲಸ ಅಕ್ಕನದು. "ಗಂಟು ಹಾಕೋದು ನನಗೆ ಬಿಟ್ರೆ ಯಾರಿಗೆ ಬರುತ್ತೆ? ನೀವು ಕಟ್ಟಿದ್ರೆ ಕಂಬ ಬರೋ ಮುಂಚೆ ಸರಪಳಿ ಬರುತ್ತೆ," ಎಂದು ಗಂಡನ ಕೈಯಿಂದ ಅದನ್ನು ಕಿತ್ತುಕೊಂಡಳು. ದಪ್ಪ ಚರ್ಮದ ಕೈಗವಸು ತೊಟ್ಟಳು. ನಡುವೆ ನಿಂತವನು ಅಂಚೆಯಣ್ಣ. ಎಂಜಿನ್ ಗದ್ದಲದಲ್ಲಿ ಒಬ್ಬರದೊಬ್ಬರಿಗೆ ಕೇಳುವುದಿಲ್ಲ ಎಂಬುದು ಅವನಿಗೆ ಸಿಕ್ಕ ನೆಪ.

ಮೊದಲ ಕಂಬವನ್ನು ನೇರವಾಗಿ ಎಳೆದರು. ಲಟಕ್ಕನೆ ನೆಲದ ಮಟ್ಟಕ್ಕೆ ಮುರಿದು, ಬುಡ ಒಳಗೇ ಉಳಿಯಿತು.

"ರೀ, ಹೇಳಿ ಅವಳಿಗೆ. ಕಂಬ ಕೀಳು ಅಂದ್ರೆ ಕತ್ತು ಮುರಿ ಅಂತಲ್ಲ."

"ತಂಗಿಯವರು ಚೆನ್ನಾಗೇ ಎಳೆದ್ರು, ಮರಾನೇ ಸರಿ ಇಲ್ಲ ಅಂತಿದ್ದಾಳಮ್ಮ!" ಎಂದು ಕೂಗಿದ ಅಂಚೆಯಣ್ಣ.

ತಂಗಿ ಶೆಡ್ಡಿನಿಂದ ಹಳೇ ಕಾರಿನ ಗಾಲಿಯ ರಿಮ್ಮೊಂದನ್ನು ಉರುಳಿಸಿಕೊಂಡು ಬಂದಳು. ಅದನ್ನು ಕಂಬಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸುವುದು. ಕಂಬದ ಬುಡಕ್ಕೆ ಸರಪಳಿ ಸುತ್ತಿ, ರಿಮ್ಮಿನ ಮೇಲಿಂದ ಹಾಯಿಸಿ, ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಸಿಕ್ಕಿಸುವುದು. ಟ್ರ್ಯಾಕ್ಟರ್ ಮುಂದಕ್ಕೆ ಹೋದರೆ ಸರಪಳಿ ಕಂಬವನ್ನು ಮೇಲಕ್ಕೆ ಎತ್ತುತ್ತದೆ. ಅಕ್ಕ ಸರಪಳಿ ಸಿಕ್ಕಿಸಿ ದೂರ ಸರಿದು ತಲೆಯಾಡಿಸುವಳು. ಅಂಚೆಯಣ್ಣ ತಂಗಿಯ ಕಡೆ ತಿರುಗಿ "ಬಿಡಮ್ಮಾ!" ಅನ್ನುವನು. ತಂಗಿ ಗಾಡಿ ಬಿಡುವಳು. ಕಂಬ ನರಳುತ್ತಾ ಅಲುಗಿ, ಮಣ್ಣನ್ನು ಕಚ್ಚಿಕೊಂಡೇ ಮೇಲೆ ಬರುವುದು.

ಎಷ್ಟು ಚೆನ್ನಾಗಿ ನಡೆಯಿತು ಅಂತೀರಿ! ಬಿಡಮ್ಮಾ, ಬಂತು. ಬಿಡಮ್ಮಾ, ಬಂತು. ಕಿತ್ತ ಕಂಬಗಳು ಸಾಲಾಗಿ ಮಲಗಿದವು. ನಡುವೆ ಅಕ್ಕ ಒಮ್ಮೆ ತಂಗಿಯ ಬೆನ್ನನ್ನೇ ದಿಟ್ಟಿಸುತ್ತಾ, "ಎಷ್ಟು ಸೊರಗಿದ್ದಾಳೆ," ಎಂದು ಗೊಣಗಿದಳು. ಅದು ಅಂಚೆಯಣ್ಣನಿಗೆ ಕೇಳಿಸಿತು. ಮುಟ್ಟಿಸಬೇಕಾದ ಮಾತೆಂದರೆ ಅದೊಂದೇ. ಕೆಲಸ ಮುಗಿಯಲಿ ಎಂದು ಅವನು ಅದನ್ನು ಅಲ್ಲೇ ತಡೆಹಿಡಿದ.

ಕೊನೆಯ ಎರಡು ಕಂಬ ಉಳಿದಿದ್ದಾಗ ರಿಮ್ಮು ವಾಲಿತು. ಸರಪಳಿ ಅಂಚಿಗೆ ಜಾರುವುದನ್ನು ಕಂಡ ಅಕ್ಕ, ಎಳೆತ ನಡೆಯುತ್ತಿರುವಾಗಲೇ ಮುಂದೆ ನುಗ್ಗಿ ಅದನ್ನು ನಡುವಿಗೆ ತಳ್ಳಹೋದಳು. ಸರಪಳಿ ಬಿಗಿಯಿತು. ಕೈಗವಸಿನ ಬೆರಳು ಸರಪಳಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡಿತು, ಒಳಗೆ ಅವಳ ಬೆರಳು.

"ಅಯ್ಯಯ್ಯೋ! ರೀ, ಬಿಡು ಅನ್ನಿ ಅವಳಿಗೆ! ಬಿಡು ಅನ್ನಿ!"

ಅಂಚೆಯಣ್ಣ ಗಾಬರಿಬಿದ್ದು ಗಂಟಲು ಹರಿಯುವಂತೆ ಕೂಗಿದ: "ಬಿಡಮ್ಮಾ! ಬಿಡೂ!"

ಇಷ್ಟು ವರ್ಷಗಳಲ್ಲಿ ಅವನು ಒಂದಕ್ಷರವನ್ನೂ ತಿದ್ದದೆ ಮುಟ್ಟಿಸಿದ ಸಂದೇಶ ಅದೊಂದೇ. ಬೆಳಗ್ಗಿನಿಂದ ಆ ಮಾತಿಗೆ ಗಾಡಿ ಬಿಡುತ್ತಿದ್ದ ತಂಗಿ ಇನ್ನೂ ಜೋರಾಗಿ ಗಾಡಿ ಬಿಟ್ಟಳು.

ಆಗ ಅಕ್ಕ ನಡುವಿನ ಅಂಚೆಯನ್ನು ಕೈಬಿಟ್ಟಳು. "ಲೇ ಕತ್ತೇ! ನಿಲ್ಸೇ! ಕೈ ಸಿಕ್ಕೊಂಡಿದೆ, ನಿಲ್ಸೇ ಕತ್ತೇ!"

ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ತಂಗಿ ಗೇರನ್ನು ಹಿಂದಕ್ಕೆ ಹಾಕಿ ಸರಪಳಿ ಸಡಿಲಿಸಿದಳು, ಎಂಜಿನ್ ಆರಿಸಿ, ಜಿಗಿದು ಓಡಿಬಂದಳು. ಅಕ್ಕನ ಕೈಗವಸು ಎಳೆದು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು. ದಪ್ಪ ಚರ್ಮ ಕಾಪಾಡಿತ್ತು; ಉಗುರಿನ ಬುಡ ಕೆಂಪಾಗಿತ್ತು, ಅಷ್ಟೇ.

"ನೋಯ್ತಿದೆಯೇನೇ?"

"ಏನಿಲ್ಲ ಬಿಡೇ."

ತಂಗಿ ಆ ಕೈಯನ್ನು ಹಾಗೇ ಹಿಡಿದುಕೊಂಡು ಅಳತೊಡಗಿದಳು. "ನನ್ನ ಕತ್ತೆ ಅಂದ್ಯಲ್ಲೇ, ಅಕ್ಕ!"

"ಮತ್ತೇನನ್ಲಿ? ಕತ್ತೆ ಥರ ಎಳೀತಿದ್ರೆ!"

"ನೀನು ಹಾಗಂದು ಎಷ್ಟು ವರ್ಷ ಆಯ್ತೇ?"

"ಎಷ್ಟು ವರ್ಷ ಏನು ಬಂತು? ದಿನಾ ಅಂತೀನಿ. ನಿನ್ನೆನೂ ಹೇಳಿ ಕಳ್ಸಿದ್ದೀನಿ."

ಇಬ್ಬರೂ ಒಟ್ಟಿಗೆ ಕತ್ತು ತಿರುಗಿಸಿದರು. ಅಂಚೆಯಣ್ಣ ಬಿದ್ದಿದ್ದ ಕಂಬವೊಂದರ ಗೆದ್ದಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಭಾವ ನನ್ನ ಹತ್ರ 'ತಂಗಿಯವರು' ಅಂತಿದ್ರು ಕಣೇ," ಅಂದಳು ತಂಗಿ ನಿಧಾನವಾಗಿ. "ನೀನು ಬೈದು ಕಳ್ಸಿದ್ರೆ, ಸಿಟ್ಟು ಇನ್ನೂ ಇದೆ, ಇಳಿದ ದಿನ ಬರ್ತಾಳೆ ಅಂತ ಕಾಯ್ತಿದ್ದೆ. ಬಹುವಚನ ಬಂದ ಮೇಲೆ ಇನ್ನೇನು ಉಳೀತು? ಆಫೀಸಿನವರು ಮಾತಾಡ್ಸಿದ ಹಾಗೆ. ಅವಳ ಪಾಲಿಗೆ ನಾನು ಮುಗಿದೆ ಅಂದ್ಕೊಂಡೆ."

"ನನಗೇನು ಕಮ್ಮಿ ಆಯ್ತಾ? 'ಅಕ್ಕನವರು ದಯವಿಟ್ಟು'! ನೀನು ದಯವಿಟ್ಟು ಅಂತ ಹುಟ್ಟಿದಾಗಿಂದ ಯಾವತ್ತಾದ್ರೂ ಅಂದಿದ್ದೀಯಾ? ಅದನ್ನ ಕೇಳಿದಾಗೆಲ್ಲ ಎದೆ ಒಡೆದು ಹೋಗ್ತಿತ್ತು ಕಣೇ. ನಾನು ಅವಳಿಗೆ ಅಷ್ಟು ಹೊರಗಿನವಳಾದ್ನಾ ಅಂತ." ಅಕ್ಕ ಮೂಗು ಒರೆಸಿಕೊಂಡಳು. "ಹೋಗ್ಲಿ, ಕಂಬ ಕೀಳೋಣ ಅಂತ ನೀನಾಗೇ ಅಂದ್ಯಲ್ಲ, ಅಷ್ಟು ಸಾಕು."

"ನಾನೆಲ್ಲಿ ಅಂದೆ? ನೀನು ತಾನೇ ಕೇಳಿದ್ದು?"

ಅಂಚೆಯಣ್ಣ ಇಷ್ಟು ದಿನ ಹೆದರಿದ್ದ ಮಾತು ಬಂದೇಬಂತು. ಅವನು ಕಣ್ಣು ಮುಚ್ಚಿಕೊಂಡ. ಆದರೆ ಕಂಬ ವಾಪಸ್ ನೆಡು ಎಂದು ಯಾರೂ ಅನ್ನಲಿಲ್ಲ. ಅದಕ್ಕಿಂತ ಕೆಟ್ಟದಾಯಿತು: ಇಬ್ಬರೂ ನಗತೊಡಗಿದರು. ಅಕ್ಕ ತಂಗಿಯ ಹೆಗಲ ಮೇಲೆ ಬಿದ್ದು ನಕ್ಕಳು, ತಂಗಿ ಅಳುತ್ತಲೇ ನಕ್ಕಳು. ಆಮೇಲೆ ಅವನ ಕಡೆ ನೋಡಿದರು, ನಗು ನಿಂತಿತು.

"ಭಾವ, ಇಷ್ಟೆಲ್ಲ ಯಾಕೆ ಮಾಡಿದ್ರಿ?" ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ನಿಮಗೆ ಏನು ಬೇಕಾಗಿತ್ತು?"

"ನನಗೇನಮ್ಮ," ಅಂಚೆಯಣ್ಣ ತಡವರಿಸಿದ. "ನೀವಿಬ್ರೂ ಮಾತಾಡಿದ್ರೆ ಸಾಕಾಗಿತ್ತು. ಅಷ್ಟೇ."

"ಹಾಗಂತ ಒಂದು ದಿನಾನಾದ್ರೂ ಹೇಳಿದ್ರೇನ್ರೀ?" ಅಂದಳು ಹೆಂಡತಿ. "ಅವಳು ಹೀಗಂದ್ಲು, ಇವಳು ಹಾಗಂದ್ಲು ಅಂತ ಇಷ್ಟು ವರ್ಷ ಓಡಾಡಿದ್ರಲ್ಲ. 'ನೀವಿಬ್ರೂ ಮಾತಾಡ್ದೇ ಇರೋದು ನನ್ ಕೈಲಿ ನೋಡಕ್ಕಾಗ್ತಿಲ್ಲ' ಅಂತ ನಿಮ್ಮ ಮಾತೊಂದನ್ನ ಬಾಯಿಬಿಟ್ಟು ಹೇಳಿದ್ರೆ, ಅವತ್ತೇ ಹೋಗಿ ಮಾತಾಡಿಸ್ತಿದ್ದೆ. ನಿಮಗೋಸ್ಕರನಾದ್ರೂ."

ಅವಳು ಕೈಗವಸು ತೊಟ್ಟುಕೊಂಡು ಉಳಿದ ಕಂಬದ ಕಡೆ ನಡೆದಳು. ತಂಗಿ ಟ್ರ್ಯಾಕ್ಟರ್ ಏರಿದಳು. "ಬಿಡ್ಲೇನೇ?" "ಇರೇ ಕತ್ತೆ, ಕಟ್ಟೋಕಾದ್ರೂ ಬಿಡು!" ಎಂದು ಕೂಗಾಡುತ್ತಾ ಇಬ್ಬರೂ ಕೆಲಸಕ್ಕೆ ಬಿದ್ದರು. ಎಂಜಿನ್ ಗದ್ದಲದಲ್ಲೂ ಒಬ್ಬರದೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು.

ಅಂಚೆಯಣ್ಣ ಬಿದ್ದ ಕಂಬದ ಮೇಲೆ ಕುಳಿತ. ಹೆಂಡತಿಗೆ ಏನಾದರೂ ಹೇಳಬೇಕು ಎಂದು ಬಾಯಿ ತೆರೆದ. ಯಾರ ಮಾತನ್ನೂ ತಿದ್ದುವಂತಿರಲಿಲ್ಲ, ಯಾರಿಂದಲೋ ಬಂದದ್ದು ಎಂದು ಹೇಳುವಂತಿರಲಿಲ್ಲ. ಎಷ್ಟು ಹೊತ್ತು ಕೂತರೂ ಅವನಿಗೆ ಒಂದು ವಾಕ್ಯವೂ ತೋಚಲಿಲ್ಲ.