ಐದನೆಯ ಮಡಕೆಯ ಮೊಳಕೆ

ಚನ್ನಮಲ್ಲಮ್ಮನ ಹತ್ತಿರ ಉಳಿದಿದ್ದದ್ದು ಒಂದೇ ಒಂದು ಚಿಟಿಕೆ ಬದನೆ ಬೀಜ. ಅದೂ ಮೂರು ವರ್ಷದ ಹಳೆಯದು. ಮದುವೆಯಾಗಿ ಪಾವಗಡದ ಕಡೆಯಿಂದ ಬರುವಾಗ ತಾಯಿ ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದ ತಳಿ ಅದು. ಕಾಯಿ ಮುಷ್ಟಿಗಾತ್ರ, ಮೈತುಂಬ ಬಿಳಿ ಗೀರು, ಎಣ್ಣೆಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತಿತ್ತು. ತಾಯಿ ತೀರಿಕೊಂಡ ಮೇಲೆ ತವರಿನಲ್ಲಿ ಆ ಗಿಡವನ್ನು ಯಾರೂ ಉಳಿಸಿಕೊಂಡಿರಲಿಲ್ಲ. ಈ ವರ್ಷ ಮೊಳೆಯದಿದ್ದರೆ ಇನ್ನು ಮೊಳೆಯುವುದೂ ಇಲ್ಲ, ಅಮ್ಮನ ಬದನೆ ಅಲ್ಲಿಗೆ ಮುಗಿಯಿತು. ಬೂದಿಯಲ್ಲಿ ಬೆರೆಸಿ, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದ ಆ ಬೀಜವನ್ನು ಅವಳು ದಿನಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಬಿತ್ತುವುದೆಲ್ಲಿ ಎನ್ನುವುದೇ ತೊಡಕು. ಹಿತ್ತಲಲ್ಲಿ ಹಾಕಿದರೆ ಪಕ್ಕದ ಮನೆ ಕೆಂಚಮ್ಮನ ಕೋಳಿಗಳು ಕೆದಕಿ ತಿಂದು ಮುಗಿಸುತ್ತಿದ್ದವು. ಅವು ಬಿಟ್ಟದ್ದನ್ನು ಕೊರಟಗೆರೆಯ ವೈಶಾಖದ ಬಿಸಿಲು ಸುಡುತ್ತಿತ್ತು. ಮನೆಯೊಳಗೇ ಸಸಿ ಮಾಡೋಣವೆಂದರೆ ಗಂಡ ರೇಣುಕಯ್ಯ ಬಿಡುವವನಲ್ಲ. ಊರಿಗೆ ಪಟೇಲ, ಅಮಲ್ದಾರರ ಮುಂದೆಯೂ ಗಟ್ಟಿಯಾಗಿ ಮಾತಾಡುವ ಮನುಷ್ಯ, ಆದರೆ ಮಹಾ ಜಿಪುಣ. ಹೋದ ವರ್ಷ ಅವಳು ಹತ್ತು ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ ನಡುಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು. ಆತ ಬೀಜದ ಸಮೇತ ಮಣ್ಣನ್ನು ತಿಪ್ಪೆಗೆ ಸುರಿದು, ಚಿಪ್ಪುಗಳನ್ನು ಬಚ್ಚಲ ಒಲೆಗೆ ಹಾಕಿ ಬಿಸಿನೀರು ಮಿಂದ.

"ಮನೆಯೊಳಗೆ ಮಣ್ಣು ಗುಡ್ಡೆ ಹಾಕಕೆ ಇದೇನು ಇಲಿ ಬಿಲವೇನೇ? ಒಳ್ಳೆ ಚಿಪ್ಪು ದಂಡ ಮಾಡ್ತೀಯ," ಎಂದು ಬೇರೆ ಅಂದ.

ಒಡೆದ ಮಡಕೆ ಕೇಳಿದರೆ ಅದು ಕರುವಿಗೆ ಕಲಗಚ್ಚು ಇಡಲು ಬೇಕಿತ್ತು. ಹರಿದ ಬಿದಿರು ಮಂಕರಿ ಕೇಳಿದರೆ ಅದು ಬೆರಣಿಗೆ ಬೇಕಿತ್ತು. ಆ ಮನೆಯಲ್ಲಿ ಬೇಡದ್ದು ಎಂಬುದೇ ಇರಲಿಲ್ಲ, ಚನ್ನಮಲ್ಲಮ್ಮನ ಬದನೆ ಒಂದನ್ನು ಬಿಟ್ಟು.

ಅಷ್ಟರಲ್ಲಿ ಅವಳ ಕೈಯಲ್ಲೇ ಬೆಳೆದ ಮೊಮ್ಮಗಳು ಜಗದಾಂಬಳ ಮದುವೆ ಗೊತ್ತಾಯಿತು. ಗಂಡು ಸಿರಾ ಕಡೆಯ ಬರಗೂರಿನವನು. ಮದುವೆಗೆ ಒಂಬತ್ತು ದಿನ ಮುಂಚೆ ಮೊಳಕೆ ಹಾಕುವುದು ಎರಡೂ ಮನೆಯವರ ಪದ್ಧತಿ. ಕುಂಬಾರರಿಂದ ಐದು ಹೊಸ ಮಡಕೆ ತಂದು, ಹುತ್ತದ ಮಣ್ಣು ತುಂಬಿ, ಮುತ್ತೈದೆಯರು ಅದರಲ್ಲಿ ರಾಗಿ, ನೆಲ್ಲು, ಜೋಳ ಬಿತ್ತಿ ದೇವರ ಕೋಣೆಯಲ್ಲಿ ಇಡುತ್ತಾರೆ. ದೀಪ ಆರುವಂತಿಲ್ಲ. ನೀರೆರೆಯುವ ಹಿರಿಮುತ್ತೈದೆಯ ಹೊರತು ಯಾರೂ ಮಡಕೆ ಮುಟ್ಟುವಂತಿಲ್ಲ. ಮದುವೆಯ ದಿನ ಗಂಡಿನ ಕಡೆಯ ಹಿರಿಯರು ಬಂದು ಮೊಳಕೆ ನೋಡುತ್ತಾರೆ. ಅದು ಹುಲುಸಾಗಿ ಬಂದಿದ್ದರೆ ಹುಡುಗಿಯ ಸಂಸಾರವೂ ಹುಲುಸು. ಐದು ದಿನ ಕಳೆದ ಮೇಲೆ ಎಲ್ಲವನ್ನೂ ಕೆರೆಗೆ ಬಿಡುತ್ತಾರೆ.

ಹಿರಿಮುತ್ತೈದೆಯಾಗಿ ಚನ್ನಮಲ್ಲಮ್ಮ ಇದನ್ನು ಎಷ್ಟೋ ಮದುವೆಗಳಲ್ಲಿ ಮಾಡಿದ್ದಳು. ಈ ಸಲ ಮಾತ್ರ ಅವಳ ಕಣ್ಣಿಗೆ ಬೇರೆಯೇ ಕಂಡಿತು. ಹೊಸ ಮಡಕೆ, ಜರಡಿ ಹಿಡಿದ ಮಣ್ಣು, ಬಿಸಿಲಿಲ್ಲದ ಬೆಚ್ಚನೆಯ ಕೋಣೆ, ಕೋಳಿ ಕಾಲಿಡದ ಜಾಗ. ಗಂಡ ಎನ್ನುವ ಪ್ರಾಣಿಯೂ ಮುಟ್ಟುವಂತಿಲ್ಲ. ಎಲ್ಲವೂ ಪುಕ್ಕಟೆ! ಕೆರೆಗೆ ಬಿಡುವ ಮುಂಚೆ ಸಸಿಗಳನ್ನು ಕಿತ್ತು ಮಡಿಲಿಗೆ ಹಾಕಿಕೊಂಡರೆ ಕೇಳುವವರು ಯಾರು?

ಬಿತ್ತುವ ದಿನ ನಾಲ್ಕು ಮಡಕೆಗೆ ಧಾನ್ಯ ಬಿದ್ದ ಮೇಲೆ ಅವಳು ಐದನೆಯದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ಹಿರಿಮುತ್ತೈದೆ ಒಬ್ಬಳೇ ಬಿತ್ತೋದು ಕಣ್ರಮ್ಮ. ನಮ್ಮ ತವರಲ್ಲಿ ಇಂಗೇ," ಎಂದಳು.

ತವರು ಪಾವಗಡದಾಚೆ, ವಿಚಾರಿಸಿಕೊಂಡು ಬರುವಷ್ಟು ಹತ್ತಿರದ್ದಲ್ಲ. ಹೆಂಗಸರು ಒಪ್ಪಿಕೊಂಡರು. ಅರಿಸಿನ ಹಚ್ಚಿಸಿಕೊಂಡು ಕೂತಿದ್ದ ಜಗದಾಂಬ ಮಾತ್ರ ಅಜ್ಜಿಯ ಸೊಂಟದ ಗಂಟಿನಿಂದ ಬೂದಿ ಉದುರಿದ್ದನ್ನು ಕಂಡು ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಳು.

ನಾಲ್ಕನೆಯ ದಿನಕ್ಕೆ ನಾಲ್ಕು ಮಡಕೆಗಳಲ್ಲಿ ಮೊಳಕೆ ಒತ್ತಾಗಿ ಎದ್ದು ನಿಂತಿತು. ಐದನೆಯದರಲ್ಲಿ ಬರೀ ಮಣ್ಣು. ಬದನೆ ಬೀಜ ನಿಧಾನಕ್ಕೆ ಏಳುವಂಥದ್ದು, ರಾಗಿಯಂತೆ ಅವಸರ ಮಾಡುವುದಿಲ್ಲ. ಅದು ಚನ್ನಮಲ್ಲಮ್ಮನಿಗೆ ಗೊತ್ತು, ರೇಣುಕಯ್ಯನಿಗೆ ಗೊತ್ತಿಲ್ಲ. ಆತ ಹೊಸ್ತಿಲಾಚೆ ನಿಂತು ಇಣುಕಿದವನೇ ಬೆವೆತುಹೋದ.

"ಲೇ, ಒಂದು ಮಡಕೆ ಬರಿದಾಗೈತಲ್ಲೇ! ಬರಗೂರೋರು ನೋಡಿದ್ರೆ ಏನಂದಾರು? ಅದುನ್ನ ಕೆದಕಿ ರಾಗಿ ಹಾಕು."

"ಬಿತ್ತಿದ್ದನ್ನ ಕೆದಕಿದ್ರೆ ಏನಾಯ್ತದೆ ಗೊತ್ತಾ ನಿಮಗೆ?"

"ಏನಾಯ್ತದೆ?"

"ಗೊತ್ತಿಲ್ವಲ್ಲ, ಅದಕ್ಕೇ ಕೆದಕಬಾರದು."

ಆತ ಅಲ್ಲಿಂದಲೇ ದೇವರಿಗೆ ಕೈ ಮುಗಿದು ಹೋದ. ಆದರೆ ಅವಳಿಗೂ ಅಳುಕಿತ್ತು. ಬೀಜವೇ ಸತ್ತಿದ್ದರೆ? ಒಂದು ಬದನೆಕಾಯಿಯ ಚಪಲಕ್ಕೆ ಮೊಮ್ಮಗಳ ಮದುವೆಗೆ ಕಲ್ಲು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಆರು, ಏಳು, ಏನೂ ಇಲ್ಲ. ಎಂಟನೆಯ ಬೆಳಿಗ್ಗೆ ನೀರು ಚಿಮುಕಿಸಲು ಬಗ್ಗಿದವಳು ಕೂಗಿಬಿಡದಂತೆ ಸೆರಗು ಬಾಯಿಗೆ ತುರುಕಿಕೊಂಡಳು. ನೂಲಿನಷ್ಟು ತೆಳ್ಳಗಿನ ಕುತ್ತಿಗೆ ಬಗ್ಗಿಸಿಕೊಂಡು ಹನ್ನೊಂದು ಸಸಿ ಎದ್ದಿದ್ದವು.

ಮದುವೆಯ ದಿನ ಮೊಳಕೆ ನೋಡಲು ಬಂದವರು ಗಂಡಿನ ಅಜ್ಜ ಪರ್ವತಯ್ಯ. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಗಂಟಲು. ಒಂದೊಂದೇ ಮಡಕೆಗೆ ದೀಪ ಹಿಡಿದು "ಭೇಷ್" ಎನ್ನುತ್ತ ಬಂದವರು ಐದನೆಯದರ ಮುಂದೆ ನಿಂತುಬಿಟ್ಟರು. ಬಗ್ಗಿ ನೋಡಿದರು. ಇನ್ನೂ ಬಗ್ಗಿ ನೋಡಿದರು.

"ಇದೇನಿದು? ಇದು ಧಾನ್ಯದ ಮೊಳಕೆ ಅಲ್ವಲ್ಲ."

ರೇಣುಕಯ್ಯ ಕಂಬ ಹಿಡಿದುಕೊಂಡ. ಜಗದಾಂಬಳ ಮುಖ ಬಿಳಿಚಿಕೊಂಡಿತು. ಅದನ್ನು ಕಂಡು ಚನ್ನಮಲ್ಲಮ್ಮನಿಗೆ ಎಲ್ಲಿಂದಲೋ ಮಾತು ಬಂತು.

"ಸರಿಯಾಗಿ ನೋಡಿ ಬೀಗ್ರೇ. ಧಾನ್ಯದ್ದು ಒಂಟಿ ಎಲೆ. ಇದು ಒಂದೊಂದೂ ಜೋಡಿ ಎಲೆ. ಮದುವೆ ಮನೇಲಿ ಒಂಟಿ ಬರ್ಬೇಕೋ ಜೋಡಿ ಬರ್ಬೇಕೋ?"

ಪರ್ವತಯ್ಯ ಅವಳ ಮುಖ ನೋಡಿದರು, ಸಸಿ ನೋಡಿದರು, ಮದುಮಗಳನ್ನು ನೋಡಿದರು. ಆಮೇಲೆ ಕೋಣೆ ನಡುಗುವಂತೆ ಕೂಗಿದರು.

"ಜೋಡಿ ಎಲೆ ಕಣ್ರಯ್ಯ! ನನ್ನ ಜನ್ಮದಾಗೆ ಇಂತಾದ್ದು ಕಂಡಿಲ್ಲ. ಇದುನ್ನ ಕೆರೆಗೆ ಬುಡಾದು ಬ್ಯಾಡ, ಕೂಸಿನ ಜೊತೆ ಬರಗೂರಿಗೆ ಬರ್ಲಿ."

"ಶಾಸ್ತ್ರ..." ಎಂದು ಚನ್ನಮಲ್ಲಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ರೇಣುಕಯ್ಯ ಕೈ ಮುಗಿದು, ಹೆಂಡತಿಯ ತಾಯಿಯ ಹನ್ನೊಂದು ಬದನೆ ಸಸಿಗಳನ್ನು ಮಡಕೆಯ ಸಮೇತ ಬೀಗರಿಗೆ ಒಪ್ಪಿಸುವುದಾಗಿ ಮಾತು ಕೊಟ್ಟಾಗಿತ್ತು. ಹೆಣ್ಣು ಒಪ್ಪಿಸುವ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೊಮ್ಮಗಳ ಮೇಲೆ ಎಷ್ಟು ಪ್ರೀತಿ ಎಂದು ಎಲ್ಲರೂ ಸಮಾಧಾನ ಮಾಡಿದರು. ಅತ್ತದ್ದರಲ್ಲಿ ಅರ್ಧ ಮೊಮ್ಮಗಳಿಗೆ, ಅರ್ಧ ಗಾಡಿಯಲ್ಲಿ ಅವಳ ತೊಡೆಯ ಮೇಲೆ ಕೂತು ಹೊರಟಿದ್ದ ಮಡಕೆಗೆ.

ಆಮೇಲಿನದು ಇನ್ನೂ ಅನ್ಯಾಯ. ಊರೆಲ್ಲ ಜೋಡಿ ಎಲೆಯ ಸುದ್ದಿ ಹೇಳಿಕೊಂಡು ತಿರುಗಿದ ರೇಣುಕಯ್ಯ ಒಂದು ದಿನ ತಾನೇ ಹತ್ತು ಚಿಪ್ಪು ಆರಿಸಿ ತಂದು, ಮಣ್ಣು ತುಂಬಿ, ನಡುಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟ.

"ನಮ್ಮನೇಗೂ ಅಂಗೇ ಜೋಡಿ ಎಲೆ ಬರ್ಸೇ. ಲಕ್ಷಣ ಒಳ್ಳೇದು," ಎಂದ.

ಜಾಗ ಸಿಕ್ಕಿತು, ಮಣ್ಣು ಸಿಕ್ಕಿತು, ಗಂಡನ ಅಪ್ಪಣೆಯೂ ಸಿಕ್ಕಿತು, ಬೀಜವೇ ಇಲ್ಲ. ಚನ್ನಮಲ್ಲಮ್ಮ ಎರಡು ದಿನ ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದಳು.

ಗೌರಿ ಹಬ್ಬಕ್ಕೆ ಜಗದಾಂಬಳನ್ನು ತವರಿಗೆ ಬಿಡಲು ಪರ್ವತಯ್ಯನೇ ಬಂದರು. ರೇಣುಕಯ್ಯ ಬೀಗರ ಗಾಡಿಯ ಎತ್ತು ಬಿಚ್ಚಿ ಕಟ್ಟಿಸಲು ಹೊರಗೆ ಹೋದ. ಪರ್ವತಯ್ಯ ಕಿಟಕಿಯ ಬರಿ ಚಿಪ್ಪುಗಳನ್ನು ನೋಡಿ ಮೀಸೆಯೊಳಗೇ ನಕ್ಕು, ತಾವು ತಂದಿದ್ದ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು. ಒಳಗೆ ಬಿಳಿ ಗೀರಿನ ಬದನೆಕಾಯಿಗಳು, ಅವುಗಳ ನಡುವೆ ಬೀಜಕ್ಕೆಂದೇ ಗಿಡದಲ್ಲಿ ಹಳದಿಯಾಗಲು ಬಿಟ್ಟಿದ್ದ ದಪ್ಪ ಹಣ್ಣು ಒಂದು.

"ನಲವತ್ತು ವರ್ಸ ಹೊಲದಾಗೆ ಆರಂಬ ಮಾಡಿವ್ನಿ ಬೀಗ್ತಿ. ಬದನೆ ಪೈರು ಕಂಡ್ರೆ ನಂಗೆ ಗೊತ್ತಾಗಕಿಲ್ವಾ?"

ಚನ್ನಮಲ್ಲಮ್ಮ ಗಂಡ ಹೋದ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಗೊತ್ತಿದ್ದೂ ಯಾಕೆ ಅಂಗಂದ್ರಿ?"

"ಕೂಸಿನ ಮಕ ನೋಡ್ದೆ, ಬಾಯಿ ಬರ್ನಿಲ್ಲ. ಆಮೇಲೆ, ಸಾಸ್ತ್ರದ ಮಡಕೇಲಿ ಕದ್ದು ಬಿತ್ತೋವಷ್ಟು ಆಸೆ ಹುಟ್ಟಿಸೋ ಬದನೆ ಹೆಂಗಿರ್ತದೆ ಅಂತ ತಿಂದು ನೋಡ್ಬೇಕು ಅನ್ನುಸ್ತು. ತಿಂದೆ. ಕದ್ರೂ ಪಾಪ ಇಲ್ಲ ಬುಡು."

ಅವಳು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಾಯಿಯ ಹಿತ್ತಲಿನ ವಾಸನೆ ಹಾಗೇ ಇತ್ತು. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ರೇಣುಕಯ್ಯ ಒಳಗೆ ಬಂದ. "ಇದೇನು ಬೀಗ್ರೇ?"

"ಜೋಡಿ ಎಲೆ ಕೊಟ್ಟ ಪರಸಾದ," ಎಂದರು ಪರ್ವತಯ್ಯ, ಒಂದಿಷ್ಟೂ ನಗದೆ.

ರೇಣುಕಯ್ಯ ಬದನೆ ಹಣ್ಣನ್ನು ಕಣ್ಣಿಗೊತ್ತಿಕೊಂಡು ಹೆಂಡತಿಯ ಕಡೆ ತಿರುಗಿದ. "ಬಿತ್ತೇ ಮತ್ತೆ, ಯಾಕೆ ಕೂತಿದ್ದೀಯ? ಚಿಪ್ಪು ಹತ್ತು ಸಾಕಾಗ್ತದಾ?"

"ಸಾಕಾಗಕಿಲ್ಲ," ಎಂದಳು ಚನ್ನಮಲ್ಲಮ್ಮ. "ನಡುಮನೆ ತುಂಬ ಬೇಕು. ಹೋಗಿ ಮಣ್ಣು ತನ್ನಿ."

ಜಗದಾಂಬ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಟೇಲ ರೇಣುಕಯ್ಯ ಪಂಚೆ ಎತ್ತಿ ಕಟ್ಟಿ, ಬೆರಣಿಯ ಮಂಕರಿಯನ್ನು ಖಾಲಿ ಮಾಡಿ, ಮಣ್ಣು ತರಲು ಹಿತ್ತಲಿಗೆ ಹೋದ.